ಹೊಲದಲ್ಲಿ ಬಿದ್ದಿದ್ದ ದೋಣಿ, ಕೆಲಸ ಹೋದ ಕ್ಯಾಪ್ಟನ್

ಜೋಶುವಾ ಸ್ಲೋಕಮ್ ಅಂದ್ರೆ ಹಾಯಿದೋಣಿಯಲ್ಲಿ ಒಬ್ಬನೇ ಭೂಮಿ ಸುತ್ತಿದ ಮೊದಲ ಮನುಷ್ಯ ಅಂತ ಎಲ್ಲ ಕಡೆ ಬರೀತಾರೆ. ಅದು ನಿಜ. ಆದರೆ ಎಂಜಿನಿಯರಿಂಗ್ ಓದುವ ನಮಗೆ ಆ ಸುತ್ತಾಟಕ್ಕಿಂತ ಅದರ ಮುಂಚಿನ 13 ತಿಂಗಳು ಹೆಚ್ಚು ಹಿಡಿಸುತ್ತೆ.

ಆತ ಹುಟ್ಟಿದ್ದು 1844ರಲ್ಲಿ, ಕೆನಡಾದ ನೋವಾ ಸ್ಕಾಟಿಯಾದಲ್ಲಿ. ಅಪ್ಪ ಬೂಟು ಹೊಲಿಯುತ್ತಿದ್ದವರು. ಹುಡುಗನನ್ನೂ ಚಿಕ್ಕಂದಿನಲ್ಲೇ ಆ ಅಂಗಡಿಯಲ್ಲಿ ಕೂರಿಸಿದರು. 14ನೇ ವಯಸ್ಸಿಗೆ ಮನೆ ಬಿಟ್ಟು ಓಡಿ ಮೀನುಗಾರಿಕೆ ದೋಣಿಯೊಂದರಲ್ಲಿ ಅಡುಗೆಗೆ ಸೇರಿದ. ಅಮ್ಮ ತೀರಿಕೊಂಡ ಮೇಲೆ ಊರನ್ನೇ ಬಿಟ್ಟ. ಮುಂದೆ ಅಮೆರಿಕದ ಪ್ರಜೆಯಾಗಿ, ದೊಡ್ಡ ದೊಡ್ಡ ಹಾಯಿಹಡಗುಗಳ ಕ್ಯಾಪ್ಟನ್ ಆದ. 1871ರಲ್ಲಿ ಸಿಡ್ನಿಯಲ್ಲಿ ವರ್ಜೀನಿಯಾ ವಾಕರ್ ಜೊತೆ ಮದುವೆ. ಸಂಸಾರ, ಮಕ್ಕಳು ಎಲ್ಲ ಹಡಗಿನಲ್ಲೇ.

ಆಮೇಲೆ ಒಂದೊಂದಾಗಿ ಕೈತಪ್ಪಿತು. 1884ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ವರ್ಜೀನಿಯಾ ತೀರಿಕೊಂಡಳು. ಎರಡನೇ ಮದುವೆಯಾದ ಮೇಲೆ ಸ್ವಂತ ಹಡಗು ಬ್ರೆಜಿಲ್ ಕರಾವಳಿಯಲ್ಲಿ ಒಡೆದುಹೋಯಿತು. ಅಲ್ಲೇ 35 ಅಡಿಯ ದೋಣಿಯೊಂದನ್ನು ಕಟ್ಟಿ, ಹೆಂಡತಿ ಮತ್ತು ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಅಮೆರಿಕಕ್ಕೆ ವಾಪಸ್ ಬಂದ! ಆ ದೋಣಿ ನೀರಿಗಿಳಿದ ದಿನವೇ ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಯಿತು, ಹಾಗಾಗಿ ಅದಕ್ಕೆ ಲಿಬರ್ಡಾಡೆ ಅಂತ ಹೆಸರು. ಬಂದು ನೋಡಿದರೆ ಕೆಲಸ ಇಲ್ಲ. ಹಬೆಹಡಗುಗಳು ಬಂದು ಹಾಯಿಹಡಗಿನ ಕಾಲ ಮುಗಿದಿತ್ತು. ಗಾಳಿ ಓದುವ ವಿದ್ಯೆ ಬಿಟ್ಟು ಬೇರೆ ಕಲಿಯದ, ಐವತ್ತಕ್ಕೆ ಹತ್ತಿರವಾದ ಕ್ಯಾಪ್ಟನ್ ಯಾರಿಗೆ ಬೇಕು? ಟೆಕ್ನಾಲಜಿ ಬದಲಾಗಿ ಕೆಲಸ ಹೋಗೋದು ನಮ್ಮ ಕಾಲದ ಕಥೆ ಮಾತ್ರ ಅಲ್ಲ.

1892ರಲ್ಲಿ ಎಬೆನ್ ಪಿಯರ್ಸ್ ಅನ್ನೋ ತಿಮಿಂಗಿಲ ಬೇಟೆಯ ಹಳೇ ಕ್ಯಾಪ್ಟನ್ ಗೆಳೆಯ, ಸ್ವಲ್ಪ ರಿಪೇರಿ ಬೇಕಾದ ಹಡಗೊಂದು ಇದೆ, ಕೊಡ್ತೀನಿ ಅಂದ. ಮ್ಯಾಸಚೂಸೆಟ್ಸ್‌ನ ಫೇರ್‌ಹೇವನ್‌ಗೆ ಹೋಗಿ ನೋಡಿದರೆ, ನೀರಿನಿಂದ ದೂರ ಹೊಲವೊಂದರಲ್ಲಿ ಊರುಗೋಲು ಕೊಟ್ಟು ನಿಲ್ಲಿಸಿ ಕ್ಯಾನ್ವಾಸ್ ಹೊದಿಸಿದ್ದ ಮುದಿ ದೋಣಿ. ಹೆಸರು ಸ್ಪ್ರೇ. ಗೆಳೆಯ ಚೆನ್ನಾಗಿ ತಮಾಷೆ ಮಾಡಿದ್ದ. ಸ್ಲೋಕಮ್ ಕೊಡಲಿ ಹಿಡಿದಾಗ ಊರಿನವರು ಕೊನೆಗೂ ಒಡೆಯೋಕೆ ಜನ ಬಂದ್ರು ಅಂದ್ಕೊಂಡ್ರು. ಆತ ಕಡಿದಿದ್ದು ದೋಣಿಯನ್ನಲ್ಲ, ಹತ್ತಿರದ ಓಕ್ ಮರವನ್ನು. ಹೊಸ ಕೀಲ್, ಅಂದ್ರೆ ದೋಣಿಯ ಬೆನ್ನುಮೂಳೆ, ಅದರಿಂದಲೇ ಬಂತು. ಪಕ್ಕೆಲುಬಿನ ಮರಗಳನ್ನು ಹಬೆಯಲ್ಲಿ ಬೇಯಿಸಿ ಬಗ್ಗಿಸಿದ. ಮೈಗೆ ಒಂದೂವರೆ ಇಂಚಿನ ಜಾರ್ಜಿಯಾ ಪೈನ್ ಹಲಗೆ, ಒಟ್ಟು ಸುಮಾರು 1000 ನಟ್ಟು ಬೋಲ್ಟು. ಮುಗಿಯೋ ಹೊತ್ತಿಗೆ ಹಳೇ ದೋಣಿಯದ್ದು ಅಂತ ಉಳಿದಿದ್ದು ಆಕಾರ ಮತ್ತು ಹೆಸರು ಅಷ್ಟೇ. ಹಾಗಾದ್ರೆ ಅದು ಅದೇ ದೋಣಿನಾ? ಈ ಪ್ರಶ್ನೆ ಹಾಸ್ಟೆಲ್‌ನಲ್ಲಿ ಎತ್ತಿದರೆ ರಾತ್ರಿಯೆಲ್ಲ ಜಗಳ ಗ್ಯಾರಂಟಿ. ಸ್ಲೋಕಮ್‌ಗಂತೂ ಅದು ಸ್ಪ್ರೇನೇ.

ಆಕಾರವನ್ನೂ ಆತ ಹಾಗೇ ಬಿಡಲಿಲ್ಲ. ತೆರೆ ಒಳಗೆ ನುಗ್ಗದ ಹಾಗೆ ಪಕ್ಕದ ಗೋಡೆಯನ್ನು ನಡುವೆ 12, ಮುಂದೆ 18, ಹಿಂದೆ 14 ಇಂಚು ಎತ್ತರಿಸಿದ. ಕೊನೆಗೆ ಉದ್ದ 36 ಅಡಿ 9 ಇಂಚು, ಅಗಲ 14 ಅಡಿ 2 ಇಂಚು. ಸಾಮಾನಿನ ಖರ್ಚು 553 ಡಾಲರ್ 62 ಸೆಂಟ್. ಆ ಸೆಂಟಿನವರೆಗಿನ ಲೆಕ್ಕ ನೋಡಿ, ಪ್ರಾಜೆಕ್ಟ್ ರಿಪೋರ್ಟ್ ಅಂದ್ರೆ ಹಾಗಿರಬೇಕು.

ಅದರಲ್ಲಿ ಮೀನು ಹಿಡಿಯೋಕೆ ಹೋದ, ದುಡ್ಡಾಗಲಿಲ್ಲ. 1895ರ ಏಪ್ರಿಲ್ 24ಕ್ಕೆ ಬಾಸ್ಟನ್‌ನಿಂದ ಹೊರಟ. ಸರಿಯಾದ ಕ್ರೊನೋಮೀಟರ್ ರಿಪೇರಿಗೆ 15 ಡಾಲರ್ ಬೇಕಿತ್ತು, ಹಾಗಾಗಿ ಮುಖ ಒಡೆದ ಒಂದು ಡಾಲರ್‌ನ ತಗಡಿನ ಗಡಿಯಾರ ತಗೊಂಡ. ಪೆಸಿಫಿಕ್‌ನಲ್ಲಿ ಚಂದ್ರನ ದೂರ ಅಳೆದು ತಾನೆಲ್ಲಿದ್ದೀನಿ ಅಂತ ಲೆಕ್ಕ ಹಾಕಿದ. ಉತ್ತರ ತಾಳೆಯಾಗದೆ ಹುಡುಕಿದಾಗ ತಪ್ಪು ಇದ್ದಿದ್ದು ಅಚ್ಚಾದ ಕೋಷ್ಟಕದಲ್ಲಿ!

ದಾರಿಯುದ್ದಕ್ಕೂ ದೋಣಿಯನ್ನು ತಿದ್ದುತ್ತಲೇ ಇದ್ದ. ಬ್ಯೂನಸ್ ಐರಿಸ್‌ನಲ್ಲಿ ಪಟದ ಕಂಬವನ್ನು 7 ಅಡಿ ಮೋಟು ಮಾಡಿದ. ಮೆಗಲನ್ ಜಲಸಂಧಿಯಲ್ಲಿ ಹಿಂಭಾಗಕ್ಕೆ ಇನ್ನೊಂದು ಚಿಕ್ಕ ಹಾಯಿ ಏರಿಸಿದ. ಅಲ್ಲೇ ರಾತ್ರಿ ದೋಣಿ ಹತ್ತಿ ಬರುವವರಿಗೆ ಅಂತ ಡೆಕ್ ಮೇಲೆ ಕಾರ್ಪೆಟ್ ಮೊಳೆ ಚೆಲ್ಲಿ ಮಲಗಿದ್ದು. ಕಥೆ ಎಲ್ಲರಿಗೂ ಇಷ್ಟ, ಆದರೆ ಆ ನೆಲ ಯಾರದ್ದಾಗಿತ್ತು ಅನ್ನೋದನ್ನೂ ನಾವು ಯೋಚಿಸಬೇಕು.

ನಿಜವಾದ ಅಚ್ಚರಿ ಚುಕ್ಕಾಣಿಯದು. ಥರ್ಸ್‌ಡೇ ದ್ವೀಪದಿಂದ ಕೋಕೋಸ್ ದ್ವೀಪಗಳಿಗೆ 2700 ಮೈಲಿ, 23 ದಿನ. ಇಷ್ಟರಲ್ಲಿ ಚುಕ್ಕಾಣಿ ಹಿಡಿದಿದ್ದು ಒಟ್ಟು ಮೂರು ಗಂಟೆಯಷ್ಟು. ಚುಕ್ಕಾಣಿ ಕಟ್ಟಿಟ್ಟು ಆತ ಪುಸ್ತಕ ಓದುತ್ತಿದ್ದ. ಮೋಟಾರೂ ಇಲ್ಲ, ಸೆನ್ಸರೂ ಇಲ್ಲ. ಉದ್ದನೆಯ ಕೀಲ್ ದೋಣಿಯನ್ನು ನೇರ ದಾರಿಯಲ್ಲಿ ಹಿಡಿದಿಡುತ್ತೆ. ಜೊತೆಗೆ ಗಾಳಿ ಹಾಯಿಯನ್ನು ತಳ್ಳುವ ಬಿಂದುವೂ ನೀರು ಒಡಲನ್ನು ತಡೆಯುವ ಬಿಂದುವೂ ಸರಿಯಾಗಿ ಹೊಂದಿದರೆ ದೋಣಿಗೆ ತಿರುಗುವ ಕಾರಣವೇ ಇರಲ್ಲ. ಮುಂದೆ ಆಂಡ್ರೇಡ್ ಎಂಬ ಎಂಜಿನಿಯರ್ ನಕ್ಷೆ ಇಟ್ಟು ಲೆಕ್ಕ ಹಾಕಿ ಈ ಸಮತೋಲವನ್ನು ಬಹಳ ಮೆಚ್ಚಿದ. ಆದರೆ ಅದೇ ಅಗಲ ಒಡಲಿಗೆ ಇನ್ನೊಂದು ಮುಖವಿದೆ. ಭಾರವೆಲ್ಲ ಒಳಗೆ ಹಾಕಿದ ಸಿಮೆಂಟು, ಕೀಲ್ ಕೆಳಗೆ ಸೀಸ ಇಲ್ಲ. ಸ್ವಲ್ಪ ವಾಲಿದರೆ ಗಟ್ಟಿಯಾಗಿ ನಿಲ್ಲುತ್ತೆ, ತೀರಾ ವಾಲಿದರೆ ತಾನಾಗಿ ಏಳಲ್ಲ. ನಂತರದ ವಿನ್ಯಾಸಕಾರರು ಇದರ ನಕಲು ಮಾಡಬೇಡಿ ಅಂತ ಎಚ್ಚರಿಸಿದ್ದಾರೆ. ನಮಗೂ ಆ ಎಚ್ಚರಿಕೆ ಸರಿ ಅನ್ಸುತ್ತೆ.

1898ರ ಜೂನ್ 27ಕ್ಕೆ ನ್ಯೂಪೋರ್ಟ್ ತಲುಪಿದ. 46,000 ಮೈಲಿ. ಕೆಲವೇ ದಿನಗಳಲ್ಲಿ ದೋಣಿಯನ್ನು ಫೇರ್‌ಹೇವನ್‌ಗೆ ಒಯ್ದು, ಅದು ನೀರಿಗಿಳಿದ ಜಾಗದ ಅದೇ ಗೂಟಕ್ಕೆ ಕಟ್ಟಿದ. 1900ರಲ್ಲಿ ಬಂದ ಪುಸ್ತಕದಿಂದ ಹೆಸರು, ದುಡ್ಡು ಎರಡೂ ಬಂತು. ಮಾರ್ಥಾಸ್ ವೈನ್‌ಯಾರ್ಡ್ ದ್ವೀಪದಲ್ಲಿ ಹೊಲ ಕೊಂಡ. ಬೇಸಾಯದಲ್ಲಿ ಮನಸ್ಸು ನಿಲ್ಲಲಿಲ್ಲ, ಚಳಿಗಾಲ ಬಂತು ಅಂದ್ರೆ ಒಬ್ಬನೇ ವೆಸ್ಟ್ ಇಂಡೀಸ್ ಕಡೆ ಹೊರಡುತ್ತಿದ್ದ. ಆ ವೇಳೆಗೆ ದೋಣಿಗೂ ವಯಸ್ಸಾಗಿತ್ತು, ಮೊದಲಿನಂತೆ ನೋಡಿಕೊಳ್ಳುತ್ತಲೂ ಇರಲಿಲ್ಲ. 1909ರ ನವೆಂಬರ್‌ನಲ್ಲಿ ದಕ್ಷಿಣ ಅಮೆರಿಕದ ನದಿಗಳನ್ನು ನೋಡ್ತೀನಿ ಅಂತ ಹೊರಟ. ಆತನಾಗಲಿ ಸ್ಪ್ರೇ ಆಗಲಿ, ಒಂದು ಹಲಗೆಯಾಗಲಿ ಮತ್ತೆ ಸಿಗಲಿಲ್ಲ. ಕಾನೂನಿನ ಪ್ರಕಾರ ಸತ್ತಿದ್ದಾನೆ ಅಂತ ಘೋಷಿಸಿದ್ದು 1924ರಲ್ಲಿ.