ಸರ್ ಎಲೈಜಾ ಇಂಪೆ

ನ್ಯಾಯಾಸನದಲ್ಲಿ ಕುಳಿತವನೇ ತಪ್ಪು ಆಜ್ಞೆಯನ್ನು ಹೊರಡಿಸಿದರೆ ನೊಂದವನು ಯಾರ ಬಾಗಿಲಿಗೆ ಹೋಗಬೇಕು? ಕಂಪೆನಿಯ ಆಳಿಕೆಯ ಆರಂಭದಲ್ಲಿಯೇ ಕಲಕತ್ತೆಯಲ್ಲಿ ಉದ್ಭವಿಸಿದ ಈ ಪ್ರಶ್ನೆಯೊಡನೆ ಸರ್ ಎಲೈಜಾ ಇಂಪೆಯ ಹೆಸರು ಅಗಲದಂತೆ ಬೆರೆತುಹೋಗಿದೆ.

ಇಂಪೆಯು 1732ರಲ್ಲಿ ಇಂಗ್ಲೆಂಡಿನ ಹ್ಯಾಮರ್‌ಸ್ಮಿತ್ತಿನಲ್ಲಿ ಜನಿಸಿದನು. ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ವಾರನ್ ಹೇಸ್ಟಿಂಗ್ಸನು ಅವನ ಜೊತೆಗಾರನು. ಕೇಂಬ್ರಿಜ್ಜಿನಲ್ಲಿ ಓದಿ ವಕೀಲಿ ನಡೆಸುತ್ತಿದ್ದ ಇವನು, 1773ರ ರೆಗ್ಯುಲೇಟಿಂಗ್ ಆಕ್ಟಿನಂತೆ ಏರ್ಪಟ್ಟ ಸುಪ್ರೀಮ್ ಕೋರ್ಟಿನ ಮೊದಲನೆಯ ಮುಖ್ಯ ನ್ಯಾಯಾಧೀಶನಾಗಿ 1774ರ ಅಕ್ಟೋಬರಿನಲ್ಲಿ ಕಲಕತ್ತೆಗೆ ಬಂದಿಳಿದನು.

ಬಂದು ವರ್ಷ ತುಂಬುವುದರೊಳಗಾಗಿ ಮಹಾರಾಜ ನಂದಕುಮಾರನ ವಿಚಾರಣೆ ನಡೆಯಿತು. ಹೇಸ್ಟಿಂಗ್ಸನು ಲಂಚ ತಿಂದನೆಂದು ನಂದಕುಮಾರನು 1775ರ ಮಾರ್ಚಿಯಲ್ಲಿ ಕೌನ್ಸಿಲಿನ ಮುಂದೆ ದೂರು ಕೊಟ್ಟಿದ್ದನು. ಮೇ ತಿಂಗಳಲ್ಲಿ ಹಳೆಯದೊಂದು ಸಾಲಪತ್ರದ ಖೋಟಾ ಆಪಾದನೆಯ ಮೇಲೆ ಅವನೇ ಸೆರೆಯಾದನು. ಖೋಟಾ ಕೆಲಸಕ್ಕೆ ಮರಣದಂಡನೆ ವಿಧಿಸುವ ಇಂಗ್ಲಿಷ್ ಕಾಯಿದೆಯನ್ನು ಬಂಗಾಳದ ಬ್ರಾಹ್ಮಣನಿಗೆ ಅನ್ವಯಿಸುವುದು ಸರಿಯೇ ಎಂದು ನ್ಯಾಯಾಧೀಶ ಚೇಂಬರ್ಸನಿಗೇ ಸಂಶಯವಿದ್ದಿತು. ಆದರೂ ಯುರೋಪಿಯನ್ ಜೂರಿಯು ದೋಷಿಯೆಂದಿತು. ಇಂಗ್ಲೆಂಡಿನ ದೊರೆಗೆ ಅಪೀಲು ಮಾಡಲು ಅನುಮತಿ ಸಿಕ್ಕಲಿಲ್ಲ. ಶಿಕ್ಷೆಯನ್ನು ತಡೆದು ದೊರೆಯ ಕ್ಷಮೆಗೆ ಶಿಫಾರಸು ಮಾಡುವ ಅಧಿಕಾರವು ಕೋರ್ಟಿಗೆ ಇದ್ದೂ ಅದನ್ನು ಉಪಯೋಗಿಸಲಿಲ್ಲ. ಆಗಸ್ಟ್ 5ರಂದು ನಂದಕುಮಾರನನ್ನು ನೇಣುಹಾಕಿದರು. ಇಂಪೆಯು ಹೇಸ್ಟಿಂಗ್ಸನ ಮಾತು ಕೇಳಿ ಹೀಗೆ ಮಾಡಿದನೆಂಬುದಕ್ಕೆ ನೇರವಾದ ಪ್ರಮಾಣವಿಲ್ಲವೆಂದು ನಾವು ಒಪ್ಪಬೇಕು. ಆದರೆ ಅಪೀಲಿನ ದಾರಿಯನ್ನು ಮುಚ್ಚಿದ್ದಕ್ಕೆ ಪ್ರಮಾಣ ಬೇಕಾಗಿಲ್ಲ.

ನಮ್ಮ ದೃಷ್ಟಿಗೆ ಪಾಟ್ನಾ ಮೊಕದ್ದಮೆಯು ಇದಕ್ಕಿಂತಲೂ ವಿಚಾರಾರ್ಹವಾದುದು. ಶಹಬಾಜ್ ಬೇಗ್ ಖಾನನೆಂಬವನು 1776ರಲ್ಲಿ ಮಕ್ಕಳಿಲ್ಲದೆ ತೀರಿಕೊಳ್ಳಲು, ಅವನ ಆಸ್ತಿಗಾಗಿ ವಿಧವೆ ನಾದಿರಾ ಬೇಗಮಳಿಗೂ ಸೋದರನ ಮಗ ಬಹಾದೂರ್ ಬೇಗನಿಗೂ ವ್ಯಾಜ್ಯ ಹುಟ್ಟಿತು. ಪಾಟ್ನಾ ಕೌನ್ಸಿಲು ವಿಚಾರಣೆಯನ್ನು ಕಾಜಿಗೂ ಇಬ್ಬರು ಮುಫ್ತಿಗಳಿಗೂ ಒಪ್ಪಿಸಿತು. ಬೇಗಮಳ ದಸ್ತೈವಜುಗಳು ಖೋಟಾ ಎಂದು ಅವರು ವರದಿಮಾಡಿದರು. ಆಕೆಗೆ ನಾಲ್ಕನೆಯ ಒಂದು ಪಾಲು ಮಾತ್ರ ದಕ್ಕಿತು. ಮನೆಯಿಂದ ಹೊರಬಿದ್ದ ಆಕೆಯು ಸುಪ್ರೀಮ್ ಕೋರ್ಟಿಗೆ ಮೊರೆಹೊಕ್ಕಳು. ತಾವು ನ್ಯಾಯಾಧಿಕಾರದಿಂದ ನಡೆದವರೆಂದು ಕಾಜಿ ಮುಫ್ತಿಗಳು ವಾದಿಸಿದರು. ಕೌನ್ಸಿಲು ತನಗೆ ಬಂದ ಅಧಿಕಾರವನ್ನು ಇತರರಿಗೆ ವಹಿಸಿಕೊಡಲಾರದಾದ್ದರಿಂದ ಅವರಿಗೆ ಆ ರಕ್ಷಣೆಯಿಲ್ಲವೆಂದು ಕೋರ್ಟು ಹೇಳಿ, ಮೂರು ಲಕ್ಷ ರೂಪಾಯಿ ನಷ್ಟಪರಿಹಾರವನ್ನು ವಿಧಿಸಿತು. ವಯೋವೃದ್ಧನಾದ ಕಾಜಿಯನ್ನು ಸೆರೆಹಿಡಿದು ಕಲಕತ್ತೆಗೆ ಒಯ್ಯುತ್ತಿರುವಾಗ ಅವನು ದಾರಿಯಲ್ಲಿಯೇ ಅಸುನೀಗಿದನು. ಬೇಗಮಳಿಗೆ ಅನ್ಯಾಯವಾಗಿದ್ದಿರಬಹುದು, ಆದರೆ ಮೇಲಿನವರು ಒಪ್ಪಿಸಿದ ಕೆಲಸವನ್ನು ಮಾಡಿದ ಮುದುಕನು ತನ್ನ ದೇಹದಿಂದ ತೆತ್ತನು, ಒಪ್ಪಿಸಿದ ಕೌನ್ಸಿಲಿನವರು ನೆಮ್ಮದಿಯಾಗಿದ್ದರು.

1781ರಲ್ಲಿ ಪಾರ್ಲಿಮೆಂಟು ಹೊಸ ಕಾಯಿದೆಯಿಂದ ಆ ಸೆರೆಯಾಳುಗಳನ್ನು ಬಿಡಿಸಿತು. ದೇಶೀಯ ಕೋರ್ಟುಗಳ ನ್ಯಾಯಾಧಿಕಾರಿಗಳ ಮೇಲೆ ಅವರ ತೀರ್ಪುಗಳಿಗಾಗಿ ಸುಪ್ರೀಮ್ ಕೋರ್ಟಿನಲ್ಲಿ ದಾವೆ ಹೂಡಕೂಡದೆಂದೂ ವಿಧಿಸಿತು.

ಅಷ್ಟರಲ್ಲಿ ಹೇಸ್ಟಿಂಗ್ಸನು 1780ರಲ್ಲಿ ತನ್ನ ಸ್ನೇಹಿತನಿಗೆ ಸದರ್ ದಿವಾನಿ ಅದಾಲತ್ತನ್ನೂ ಪ್ರತ್ಯೇಕ ವೇತನದೊಡನೆ ಕೊಟ್ಟಿದ್ದನು. ಅಲ್ಲಿ ಇಂಪೆಯು ದಿವಾನಿ ಕೋರ್ಟುಗಳಿಗಾಗಿ ಒಳ್ಳೆಯ ನಿಬಂಧನೆಗಳನ್ನು ರಚಿಸಿದನೆಂಬುದು ನಿಜವೇ. ಆದರೆ ಕಂಪೆನಿಯವರನ್ನು ಅಂಕೆಯಲ್ಲಿಡಲು ಬಂದವನು ಕಂಪೆನಿಯ ಸಂಬಳಕ್ಕೆ ಕೈಯೊಡ್ಡಬಹುದೇ? ಇದೇ ಕಾರಣದಿಂದ ಅವನನ್ನು 1782ರಲ್ಲಿ ಹಿಂದಕ್ಕೆ ಕರೆಯಿಸಿದರು.

1787ರ ಡಿಸೆಂಬರಿನಲ್ಲಿ ಸರ್ ಗಿಲ್ಬರ್ಟ್ ಎಲಿಯಟ್ಟನು ಕಾಮನ್ಸ್ ಸಭೆಯಲ್ಲಿ ಆರು ಆಪಾದನೆಗಳನ್ನು ತಂದನು. ನಂದಕುಮಾರನದು ಮೊದಲನೆಯದು, ಪಾಟ್ನಾದ್ದು ಮತ್ತೊಂದು. ಮರುವರ್ಷದ ಫೆಬ್ರವರಿಯಲ್ಲಿ ಇಂಪೆಯು ಸಭೆಯೆದುರು ನಿಂತು, ಆ ತೀರ್ಪು ತನ್ನೊಬ್ಬನದಲ್ಲ, ಕೋರ್ಟಿನದೆಂದು ದಕ್ಷತೆಯಿಂದ ಪ್ರತಿವಾದಿಸಿದನು. ಮೇ 9ರಂದು ಮೊದಲನೆಯ ಆಪಾದನೆಯು 73ಕ್ಕೆ 55 ಮತಗಳಿಂದ ಬಿದ್ದುಹೋಯಿತು, ಮಿಕ್ಕವು ಮೇಲೇಳಲಿಲ್ಲ. ಎರಡು ವರ್ಷಗಳಲ್ಲಿ ಅವನೇ ಆ ಸಭೆಯ ಸದಸ್ಯನಾದನು. 1809ರಲ್ಲಿ ಸಸೆಕ್ಸಿನ ನ್ಯೂಯಿಕ್ ಪಾರ್ಕಿನಲ್ಲಿ ತೀರಿಕೊಂಡನು.

ಮೆಕಾಲೆಯು ಇವನನ್ನು ಕಟುವಾಗಿ ಖಂಡಿಸಿದನು. 1885ರಲ್ಲಿ ಜೇಮ್ಸ್ ಸ್ಟೀಫನ್ನನು ಎತ್ತಿಹಿಡಿದನು. ಮರುವರ್ಷವೇ ಬೆವರಿಜನು ಸ್ಟೀಫನ್ನನಿಗೆ ಉತ್ತರ ಕೊಟ್ಟನು. ಆ ವಾಗ್ವಾದಕ್ಕೂ ಮೊದಲೇ 1850ರ 18ನೆಯ ಆಕ್ಟು ಬಂದಿದ್ದಿತು. ಅಧಿಕಾರವಿದೆಯೆಂದು ಸದ್ಭಾವದಿಂದ ನಂಬಿ ನ್ಯಾಯಕಾರ್ಯವನ್ನು ನಡೆಸಿದವನ ಮೇಲೆ ದಿವಾನಿ ದಾವೆ ನಡೆಯದೆಂದು ಅದು ಹೇಳುತ್ತದೆ. ಪಾಟ್ನಾದ ಕಾಜಿಗೆ ಬೇಕಾಗಿದ್ದುದು ಇಷ್ಟೇ.