ಲಾರೆನ್ಸ್ ಸಾವು, ಸವಾರರಿಗೆ ಶಿರಸ್ತ್ರಾಣ

ಮೊದಲ ಮಹಾಯುದ್ಧದ ಅರಬ್ ದಂಗೆಯಿಂದ ಜಗತ್ಪ್ರಸಿದ್ಧರಾದ ಟಿ.ಇ. ಲಾರೆನ್ಸ್ (1888–1935) ರಣರಂಗದಿಂದ ಮರಳಿದಾಗ ದೊರೆ ಐದನೇ ಜಾರ್ಜ್ ನೀಡಹೊರಟ ಗೌರವವನ್ನೇ ನಿರಾಕರಿಸಿದರು. ಅವರ ಸಹೋದರರಿಬ್ಬರು 1915ರಲ್ಲಿ ಯುದ್ಧಕ್ಕೆ ಬಲಿಯಾಗಿದ್ದರು. 1922ರಲ್ಲಿ ಹೆಸರು ಮರೆಸಿಕೊಂಡು ವಾಯುಪಡೆಯ ಸಾಮಾನ್ಯ ಸಿಪಾಯಿಯಾದರು. ಬ್ರಫ್ ಸುಪೀರಿಯರ್ ಮೋಟಾರ್ ಸೈಕಲ್ ಎಂದರೆ ಅವರಿಗೆ ಪ್ರಾಣ.

ನಿವೃತ್ತರಾಗಿ ಮೂರು ತಿಂಗಳೂ ತುಂಬಿರಲಿಲ್ಲ. 1935ರ ಮೇ 13ರಂದು ಡಾರ್ಸೆಟ್‌ನ ರಸ್ತೆಯಲ್ಲಿ ಸೈಕಲ್ ಏರಿದ್ದ ಇಬ್ಬರು ಬಾಲಕರನ್ನು ತಪ್ಪಿಸಹೋಗಿ ಉರುಳಿಬಿದ್ದರು. ಹೆಲ್ಮೆಟ್ ಇರಲಿಲ್ಲ; ಆರು ದಿನಗಳ ಬಳಿಕ ಅಸುನೀಗಿದರು.

ಚಿಕಿತ್ಸೆಗೆ ಬಂದಿದ್ದ ಮಿದುಳು ಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಆ ಸಾವನ್ನು ಮರೆಯಲಿಲ್ಲ. ಸೇನೆಯ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಭ್ಯಸಿಸಿ 1941ರಲ್ಲಿ ಪ್ರಬಂಧ ಪ್ರಕಟಿಸಿದರು. ಲಾರೆನ್ಸ್‌ಗೆ ಸಂದ ನಿಜವಾದ ಗೌರವ ಬಹುಶಃ ಇದೇ. ಅದೇ ನವೆಂಬರ್‌ನಲ್ಲಿ ಬ್ರಿಟಿಷ್ ಸೇನೆ ಕರ್ತವ್ಯನಿರತ ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು. ಬ್ರಿಟನ್‌ನ ಜನಸಾಮಾನ್ಯರಿಗೆ ಆ ನಿಯಮ ಬಂದದ್ದು 1973ರಲ್ಲಿ.