ಸಾವಿನ ಲೆಕ್ಕದಲ್ಲಿ ಸಿಕ್ಕಿಬಿದ್ದ ವಿಜ್ಞಾನಿ ಹಾಫ್‌ಕಿನ್

ಮಕ್ಕಳೇ, ಬೀದರ್ ಜಿಲ್ಲೆಯ ಮನ್ನಳ್ಳಿಯಲ್ಲಿ ಒಬ್ಬ ಮುತ್ಯಾ ಇದ್ದರು ಎಂದು ಭಾವಿಸಿ. ಅವರಿಗೆ ಎಪ್ಪತ್ತು ವರ್ಷ. ಬಹಳ ದಿನಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ಹೃದಯದ ತೊಂದರೆ. ಊರಿನಲ್ಲಿ ಸಾಂಕ್ರಾಮಿಕ ಜ್ವರ ಹರಡಿದಾಗ ಅವರಿಗೂ ಜ್ವರ, ಕೆಮ್ಮು ಬಂತು. ಐದನೆಯ ದಿನ ಉಸಿರಾಡುವುದು ಕಷ್ಟವಾಯಿತು. ಬೀದರಿನ ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯಲ್ಲೇ ತೀರಿಕೊಂಡರು. ಗಂಟಲ ದ್ರವದ ಪರೀಕ್ಷೆ ಆಗಿರಲಿಲ್ಲ.

ನಮ್ಮ ದೇಶದ ಕಾನೂನಿನಂತೆ ಪ್ರತಿಯೊಂದು ಸಾವನ್ನೂ 21 ದಿನಗಳೊಳಗೆ ನೋಂದಾಯಿಸಬೇಕು. ಸರಿ, ಮುತ್ಯಾನ ಹೆಸರಿನ ಮುಂದೆ ಸಾವಿನ ಕಾರಣ ಏನೆಂದು ಬರೆಯುತ್ತೀರಿ? ಹೃದಯ ನಿಂತಿತು ಎಂದೇ? ಯಾರೇ ಸತ್ತರೂ ಹೃದಯ ನಿಲ್ಲುತ್ತದೆಯಲ್ಲ! ಸಕ್ಕರೆ ಕಾಯಿಲೆ ಎಂದೇ? ಅದು ಇದ್ದರೂ ಅವರು ಹೋದ ವಾರ ಹೊಲಕ್ಕೆ ಹೋಗಿ ಬಂದಿದ್ದರು. ಸಾಂಕ್ರಾಮಿಕ ಎಂದೇ? ಪರೀಕ್ಷೆಯೇ ಆಗಿಲ್ಲ.

ಇದು ಬರೀ ಕಲ್ಪನೆಯ ತೊಡಕಲ್ಲ. 2020ರ ಮಾರ್ಚ್‌ನಲ್ಲಿ ಭಾರತದ ಮೊದಲ ಕೋವಿಡ್ ಸಾವು ವರದಿಯಾದದ್ದು ನಮ್ಮ ನೆರೆಯ ಕಲಬುರಗಿಯಿಂದ. ಆ ಹಿರಿಯರಿಗೆ 76 ವರ್ಷ. ಅವರಿಗೆ ಕೋವಿಡ್ ಇತ್ತೆಂದು ಪರೀಕ್ಷೆಯ ಫಲಿತಾಂಶ ಬಂದದ್ದು ಅವರು ತೀರಿಕೊಂಡ ಮೇಲೆ! ಆ ಫಲಿತಾಂಶ ಬರದೇ ಇದ್ದಿದ್ದರೆ ಆ ಸಾವು ಯಾವ ಪಟ್ಟಿಗೆ ಸೇರುತ್ತಿತ್ತು?

ಇಂಥ ಪ್ರಶ್ನೆಗಳ ನಡುವೆಯೇ ಜೀವನ ಕಳೆದ ಒಬ್ಬ ವಿಜ್ಞಾನಿಯ ಕಥೆ ಕೇಳಿ. ಅವರ ಹೆಸರು ವಾಲ್ಡೆಮಾರ್ ಹಾಫ್‌ಕಿನ್. ಕಾಲರಾ ಮತ್ತು ಪ್ಲೇಗು ಎರಡಕ್ಕೂ ಲಸಿಕೆ ಮಾಡಿದವರು. ಲಸಿಕೆ ಮಾಡಿದ್ದಕ್ಕಿಂತ ಹೆಚ್ಚು ಕಷ್ಟಪಟ್ಟದ್ದು, ಅದರಿಂದ ಎಷ್ಟು ಜನ ಉಳಿದರು ಎಂದು ಲೆಕ್ಕ ಕೊಡಲು.

ಹಾಫ್‌ಕಿನ್ ಹುಟ್ಟಿದ್ದು 1860ರ ಮಾರ್ಚ್ 15ರಂದು, ಕಪ್ಪು ಸಮುದ್ರದ ದಂಡೆಯ ಒಡೆಸ್ಸಾ ನಗರದಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯದಲ್ಲಿತ್ತು, ಈಗ ಉಕ್ರೇನ್‌ನಲ್ಲಿದೆ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರಿಗೆ ಪಾಠ ಹೇಳಿದವರು ಮೆಚ್ನಿಕಾಫ್. ನಮ್ಮ ರಕ್ತದ ಬಿಳಿಯ ಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂದು ತೋರಿಸಿದವರು ಇವರೇ. ಯಹೂದಿ ಕುಟುಂಬದ ಹಾಫ್‌ಕಿನ್‌ಗೆ ರಷ್ಯಾದಲ್ಲಿ ಮುಂದೆ ದಾರಿ ಇರಲಿಲ್ಲ. 1888ರಲ್ಲಿ ದೇಶ ಬಿಟ್ಟರು. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಅವರಿಗೆ ಮೊದಲು ಸಿಕ್ಕಿದ್ದು ಗ್ರಂಥಾಲಯದ ಸಹಾಯಕನ ಕೆಲಸ. ಪುಸ್ತಕ ಜೋಡಿಸುತ್ತಲೇ, ಬಿಡುವಿನಲ್ಲಿ ಪ್ರಯೋಗ ಮಾಡುತ್ತಲೇ ಅವರು ಕಾಲರಾಕ್ಕೆ ಲಸಿಕೆ ಸಿದ್ಧಪಡಿಸಿದರು. 1892ರ ಜುಲೈ 18ರಂದು ಅದನ್ನು ಮೊದಲು ಚುಚ್ಚಿಕೊಂಡದ್ದು ತಮಗೇ.

ಮರುವರ್ಷ ಅವರು ಕಲ್ಕತ್ತೆಗೆ ಬಂದರು. ಅಲ್ಲಿನ ಬಸ್ತಿಗಳಲ್ಲಿ ಕೆರೆಯ ನೀರು ಕುಡಿದು ಜನ ವಾಂತಿಭೇದಿಯಿಂದ ಸಾಯುತ್ತಿದ್ದರು. ಹಾಫ್‌ಕಿನ್ ಒಂದು ಜಾಣತನ ತೋರಿದರು. ಒಂದು ಊರಿನವರಿಗೆ ಲಸಿಕೆ ಹಾಕಿ, ಬೇರೆ ಊರಿನೊಂದಿಗೆ ಹೋಲಿಸಲಿಲ್ಲ. ಒಂದೇ ಮನೆಯಲ್ಲಿ, ಒಂದೇ ನೀರು ಕುಡಿಯುವವರಲ್ಲಿ, ಚುಚ್ಚಿಸಿಕೊಂಡವರು ಎಷ್ಟು, ಚುಚ್ಚಿಸಿಕೊಳ್ಳದವರು ಎಷ್ಟು, ಯಾರಿಗೆ ರೋಗ ಬಂತು ಎಂದು ನೋಡಿದರು. ಏಕೆ ಗೊತ್ತೇ? ಬೇರೆ ಊರಿನ ನೀರೇ ಚೆನ್ನಾಗಿದ್ದರೆ ಲೆಕ್ಕ ತಪ್ಪುತ್ತದೆ.

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ನಿಮ್ಮ ಮನೆಯ ಹಿರಿಯರು ಅವರ ಹಿರಿಯರಿಂದ ಕೇಳಿರಬಹುದು. ಇಲಿ ಬಿದ್ದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಾಲ ಅದು. ತೊಡೆಯ ಸಂದಿಯಲ್ಲಿ, ಕಂಕುಳಲ್ಲಿ ಗಡ್ಡೆ ಏಳುತ್ತಿತ್ತು. ಜೋರು ಜ್ವರ. ಕೆಲವೇ ದಿನಗಳಲ್ಲಿ ಸಾವು. ಸರ್ಕಾರ ಹಾಫ್‌ಕಿನ್‌ರನ್ನು ಮುಂಬಯಿಗೆ ಕಳುಹಿಸಿತು. ಒಂದು ಕೋಣೆ, ಒಂದು ಓಣಿ, ಒಬ್ಬ ಗುಮಾಸ್ತ, ಮೂವರು ಜವಾನರು, ಇಷ್ಟೇ ಅವರ ಪ್ರಯೋಗಾಲಯ! ಮೂರು ತಿಂಗಳಲ್ಲಿ ಲಸಿಕೆ ಸಿದ್ಧವಾಯಿತು. 1897ರ ಜನವರಿ 10ರಂದು ಅದನ್ನೂ ಮೊದಲು ತಮಗೇ ಚುಚ್ಚಿಸಿಕೊಂಡರು.

ಅದೇ ತಿಂಗಳು ಬೈಕುಲ್ಲಾ ಸೆರೆಮನೆಯಲ್ಲಿ ಪ್ಲೇಗು ಕಾಣಿಸಿತು. ಒಪ್ಪಿಕೊಂಡ ಕೈದಿಗಳಿಗೆ ಲಸಿಕೆ ಹಾಕಲಾಯಿತು. ಉಳಿದ ಸುಮಾರು ಅರ್ಧದಷ್ಟು ಕೈದಿಗಳು ಹಾಗೆಯೇ ಇದ್ದರು. ಊಟ, ನೀರು, ಗಾಳಿ, ಎಲ್ಲ ಒಂದೇ. ಲಸಿಕೆ ಪಡೆಯದವರಲ್ಲಿ 12 ಮಂದಿಗೆ ಪ್ಲೇಗು ತಗುಲಿತು, ಹಲವರು ಸತ್ತರು. ಪಡೆದವರಲ್ಲಿ ಇಬ್ಬರಿಗೆ ಮಾತ್ರ ತಗುಲಿತು, ಇಬ್ಬರೂ ಉಳಿದರು.

ಆದರೆ ಇಲ್ಲೊಂದು ಗಂಟು ಇದೆ. ಲಸಿಕೆ ಹಾಕಿದ ದಿನವೇ ಕೆಲವು ಕೈದಿಗಳಲ್ಲಿ ಗಡ್ಡೆ ಎದ್ದಿತ್ತು. ಅವರು ಬದುಕಲಿಲ್ಲ. ಅವರನ್ನು ಯಾವ ಗುಂಪಿಗೆ ಸೇರಿಸುತ್ತೀರಿ? ಸೂಜಿ ಚುಚ್ಚಿದ್ದು ನಿಜ. ಆದರೆ ರೋಗ ಅದಕ್ಕೂ ಮೊದಲೇ ಮೈಯೊಳಗೆ ಹೊಕ್ಕಿತ್ತು. ಲಸಿಕೆ ಕೆಲಸ ಮಾಡಲು ದಿನಗಳು ಬೇಕು. ಹಾಫ್‌ಕಿನ್ ಅವರನ್ನು ಬೇರೆಯಾಗಿಯೇ ತೋರಿಸಿದರು. ಮುಚ್ಚಿಡಲಿಲ್ಲ, ಲಸಿಕೆಯ ಸೋಲಿನ ಲೆಕ್ಕಕ್ಕೂ ಹಾಕಲಿಲ್ಲ. ನಾನು ಆಗಿದ್ದರೂ ಹಾಗೆಯೇ ಮಾಡುತ್ತಿದ್ದೆ. ನೀವು?

ಮುಂದಿನ ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ನಾಡಿನಲ್ಲೇ, ಹುಬ್ಬಳ್ಳಿಯಲ್ಲಿ. 1898ರಲ್ಲಿ ಅಲ್ಲಿ ಭಾರಿ ಪ್ಲೇಗು. ಊರಿನ ಜನಸಂಖ್ಯೆ ಸುಮಾರು 50,000. ಲ್ಯೂಮನ್ ಎಂಬ ವೈದ್ಯಾಧಿಕಾರಿ ಹಾಫ್‌ಕಿನ್‌ರ ಲಸಿಕೆಯನ್ನು ಹಾಕುತ್ತ ಹೋದರು. ಮೇ ತಿಂಗಳಿಂದ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಊರಿನ ಬಹುಪಾಲು ಜನ ಲಸಿಕೆ ಪಡೆದಿದ್ದರು. ಸತ್ತವರಲ್ಲಿ ಲಸಿಕೆ ಪಡೆದವರು ಎಷ್ಟು, ಪಡೆಯದವರು ಎಷ್ಟು ಎಂದು ವಾರವಾರವೂ ಬರೆದಿಟ್ಟರು.

ವಾರವಾರ ಏಕೆ ಬರೆಯಬೇಕು, ಕೊನೆಗೆ ಒಮ್ಮೆ ಎಣಿಸಿದರೆ ಸಾಲದೇ? ಸ್ಲೇಟು ತೆಗೆದುಕೊಳ್ಳಿ. ಒಂದು ಚಿಕ್ಕ ಊರು ಎಂದುಕೊಳ್ಳೋಣ. ಈ ಅಂಕಿಗಳು ಕೇವಲ ಲೆಕ್ಕಕ್ಕಾಗಿ. ಮೊದಲ ವಾರ ಲಸಿಕೆ ಪಡೆಯದವರು 900. ಅವರಲ್ಲಿ 45 ಮಂದಿ ಸತ್ತರು. ಅಂದರೆ ನೂರಕ್ಕೆ 5. ಆಮೇಲೆ ಹೆದರಿದ ಜನ ಸಾಲುಗಟ್ಟಿ ಲಸಿಕೆ ಹಾಕಿಸಿಕೊಂಡರು. ಪಡೆಯದವರು 100 ಮಂದಿ ಮಾತ್ರ ಉಳಿದರು. ಎರಡನೆಯ ವಾರ ಆ ನೂರರಲ್ಲಿ 5 ಮಂದಿ ಸತ್ತರು. ಈ ಬಾರಿಯೂ ನೂರಕ್ಕೆ 5. ಈಗ ಒಬ್ಬ ಅವಸರದ ಗುಮಾಸ್ತ ಬಂದು, ಪಡೆಯದವರು 100, ಸತ್ತವರು 50 ಎಂದು ಬರೆದರೆ? ನೂರಕ್ಕೆ 50 ಆಯಿತು! ಪಾಪ, ಅವನು ಎಣಿಸಿದ ಹೆಣಗಳೆಲ್ಲ ನಿಜ. ತಪ್ಪಿದ್ದು ಭಾಗಿಸುವ ಸಂಖ್ಯೆ. ಪ್ರತಿ ವಾರ ಜನ ಒಂದು ಕಾಲಂನಿಂದ ಇನ್ನೊಂದು ಕಾಲಂಗೆ ಹೋಗುತ್ತಿದ್ದರೆ, ಭಾಗಿಸುವ ಸಂಖ್ಯೆಯನ್ನೂ ಪ್ರತಿ ವಾರ ಬದಲಿಸಬೇಕು. ಹುಬ್ಬಳ್ಳಿಯ ಪಟ್ಟಿಯಲ್ಲಿ ಹಾಗೆಯೇ ಮಾಡಿದ್ದರು. ಲಸಿಕೆ ಪಡೆದವರಲ್ಲಿ ಸಾವಿನ ಪ್ರಮಾಣ ಬಹಳ ಕಡಿಮೆ ಇತ್ತು.

ಆದರೂ ತಕರಾರು ತಪ್ಪಲಿಲ್ಲ. ಸರ್ಕಾರ ನೇಮಿಸಿದ ಪ್ಲೇಗು ಆಯೋಗ ಈ ಅಂಕಿಗಳನ್ನೆಲ್ಲ ಜರಡಿ ಹಿಡಿಯಿತು. ಲಸಿಕೆಯಿಂದ ಉಪಯೋಗವಿದೆ, ಆದರೆ ಅಂಕಿಗಳು ಕರಾರುವಾಕ್ಕಾಗಿಲ್ಲ ಎಂಬುದು ಅದರ ಅಭಿಪ್ರಾಯ. ಆಯೋಗದ ಮಾತಿನಲ್ಲಿ ಹುರುಳಿತ್ತು. ಊರು ಬಿಟ್ಟು ಹೋದವರು ಎಷ್ಟು ಎಂದು ಯಾರಿಗೆ ಗೊತ್ತು? ಪ್ಲೇಗಿನ ಮನೆಯೆಂದು ತಿಳಿದರೆ ಸಿಪಾಯಿಗಳು ಬಂದು ಮನೆಯವರನ್ನೆಲ್ಲ ಕ್ಯಾಂಪಿಗೆ ಸಾಗಿಸುತ್ತಿದ್ದರು, ಸಾಮಾನು ಸುಡುತ್ತಿದ್ದರು. ಹಾಗಾಗಿ ಜನ ರೋಗಿಗಳನ್ನು ಅಡಗಿಸಿಟ್ಟರು, ಸಾವನ್ನೂ ಬಚ್ಚಿಟ್ಟರು. ಹಳ್ಳಿಗಳಲ್ಲಿ ಸಾವಿನ ಸುದ್ದಿ ಕೊಡುತ್ತಿದ್ದವನು ಊರ ಕಾವಲುಗಾರ. ಅವನು ವೈದ್ಯನಲ್ಲ. ಆ ಕಾಲದ ಸಾವಿನ ಪುಸ್ತಕಗಳಲ್ಲಿ ಅತಿ ದೊಡ್ಡ ಕಾಲಂ ಜ್ವರದ್ದು. ಜ್ವರ ರೋಗವಲ್ಲ, ರೋಗದ ಲಕ್ಷಣ ಅಷ್ಟೆ. ಮಲೇರಿಯಾ, ಪ್ಲೇಗು, ಇನ್ನೇನೇನೋ ಅದರೊಳಗೆ ಮುಳುಗಿಹೋಗಿದ್ದವು.

ಹೀಗೆ ಮುಳುಗಿದ ಸಾವುಗಳನ್ನು ಮೇಲೆತ್ತಲು ಈಗ ಒಂದು ಉಪಾಯವಿದೆ. ಕಾರಣವನ್ನೇ ಕೇಳಬೇಡಿ. ಒಟ್ಟು ಸಾವುಗಳನ್ನು ಎಣಿಸಿ. ಹಿಂದಿನ ವರ್ಷಗಳಲ್ಲಿ ಅದೇ ಊರಿನಲ್ಲಿ ಎಷ್ಟು ಸಾವಾಗುತ್ತಿದ್ದವು ನೋಡಿ. ಹೆಚ್ಚಾದದ್ದು ಎಷ್ಟು? ಅದು ಸಾಂಕ್ರಾಮಿಕ ತಂದ ಹೆಚ್ಚುವರಿ ಸಾವು. ಆಸ್ಪತ್ರೆಗೆ ಹೋಗಲಾಗದೆ ಬೇರೆ ಕಾಯಿಲೆಯಿಂದ ಸತ್ತವರೂ ಇದರಲ್ಲಿ ಸೇರುತ್ತಾರೆ. 2020 ಮತ್ತು 2021ರಲ್ಲಿ ಭಾರತದಲ್ಲಿ ಕೋವಿಡ್ ಸಾವುಗಳೆಂದು ಸರ್ಕಾರ ದಾಖಲಿಸಿದ್ದು ಸುಮಾರು 4.8 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಅಂದಾಜು ಮಾಡಿದ ಹೆಚ್ಚುವರಿ ಸಾವು ಸುಮಾರು 47 ಲಕ್ಷ. ಅಂದಾಜಿನ ವಿಧಾನ ಸರಿಯಿಲ್ಲ ಎಂದು ನಮ್ಮ ಸರ್ಕಾರ ಆಕ್ಷೇಪಿಸಿತು. ನೋಡಿ, ನೂರು ವರ್ಷದ ಮೇಲೂ ಅದೇ ಜಗಳ!

ಮತ್ತೆ ಹಾಫ್‌ಕಿನ್ ಬಳಿಗೆ ಬರೋಣ. 1899ರಲ್ಲಿ ಅವರ ಪ್ರಯೋಗಾಲಯ ಮುಂಬಯಿಯ ಪರೇಲ್‌ನಲ್ಲಿ ದೊಡ್ಡ ಬಂಗಲೆಗೆ ಬಂತು. ಲಕ್ಷಾಂತರ ಜನರಿಗೆ ಅಲ್ಲಿಂದ ಲಸಿಕೆ ಹೋಯಿತು. ಆಗ ಬಡಿಯಿತು ಸಿಡಿಲು.

1902ರ ಅಕ್ಟೋಬರ್ 30. ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿ. ಅದು ಈಗ ಪಾಕಿಸ್ತಾನದಲ್ಲಿದೆ. ಆ ದಿನ 107 ಜನರಿಗೆ ಲಸಿಕೆ ಹಾಕಲಾಯಿತು. ಸುಮಾರು ಒಂದು ವಾರದ ನಂತರ ಅವರಲ್ಲಿ 19 ಮಂದಿಯ ದವಡೆ ಬಿಗಿಯಿತು, ಮೈ ಬಿಲ್ಲಿನಂತೆ ಬಾಗಿತು. ಅದು ಧನುರ್ವಾಯು. 19 ಮಂದಿಯೂ ಸತ್ತರು.

ದೇಶವೆಲ್ಲ ಒಂದೇ ಮಾತು. ಲಸಿಕೆ ಹಾಕಿದರು, ಸತ್ತರು, ಆದ್ದರಿಂದ ಲಸಿಕೆಯೇ ಕೊಂದಿತು. ಆದರೆ ಸ್ವಲ್ಪ ನಿಲ್ಲಿ. ಸತ್ತ 19 ಮಂದಿಗೂ ಮದ್ದು ಹೋದದ್ದು ಒಂದೇ ಸೀಸೆಯಿಂದ. ಬೇರೆ ಸೀಸೆಗಳಿಂದ ಪಡೆದ 88 ಮಂದಿ ಚೆನ್ನಾಗಿಯೇ ಇದ್ದರು. ಅಂದರೆ ದೋಷ ಆ ಒಂದು ಸೀಸೆಯಲ್ಲಿತ್ತು. ಧನುರ್ವಾಯುವಿನ ರೋಗಾಣು ಅದರೊಳಗೆ ಹೊಕ್ಕದ್ದು ಎಲ್ಲಿ? ಪರೇಲ್‌ನಲ್ಲಿ ತುಂಬುವಾಗಲೋ, ಹಳ್ಳಿಯಲ್ಲಿ ತೆರೆಯುವಾಗಲೋ?

ವಿಚಾರಣೆ ನಡೆಸಿದ ಆಯೋಗ ಪರೇಲ್‌ನತ್ತ ಬೆರಳು ತೋರಿಸಿತು. ಲಸಿಕೆ ಬೇಗ ಬೇಗ ತಯಾರಿಸಲು ಹಾಫ್‌ಕಿನ್ ಅದಕ್ಕೆ ಕಾರ್ಬಾಲಿಕ್ ಆಮ್ಲ ಸೇರಿಸುವುದನ್ನು ಬಿಟ್ಟು, ಶಾಖದಿಂದ ಮಾತ್ರ ಶುದ್ಧಿ ಮಾಡುತ್ತಿದ್ದರು. ಅದೇ ತಪ್ಪು ಎಂದರು. ಅವರನ್ನು ಹುದ್ದೆಯಿಂದ ಇಳಿಸಲಾಯಿತು. 1904ರಲ್ಲಿ ಅವರು ಭಾರತ ಬಿಟ್ಟು ಹೋದರು.

ಆದರೆ ಕಾಗದಪತ್ರಗಳಲ್ಲಿ ಬೇರೆ ಸಂಗತಿಗಳೂ ಇದ್ದವು. ಆ ದಿನ ಹಳ್ಳಿಯಲ್ಲಿ ಸೀಸೆಯ ಬಿರಡೆ ತೆಗೆಯುವ ಇಕ್ಕುಳ ಸಹಾಯಕನ ಕೈಯಿಂದ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿ ಮಾಡದೆ ಮತ್ತೆ ಬಳಸಿದ್ದರು. ಧನುರ್ವಾಯುವಿನ ರೋಗಾಣು ಇರುವುದು ಎಲ್ಲಿ ಗೊತ್ತೇ? ಸಗಣಿ ಬೆರೆತ ಮಣ್ಣಿನಲ್ಲಿ! ಇನ್ನೊಂದು ಸುಳಿವು ನೋಡಿ. ಆ ಸೀಸೆ ತುಂಬಿ 41 ದಿನಗಳಾಗಿದ್ದವು. ಅಂದೇ ರೋಗಾಣು ಹೊಕ್ಕಿದ್ದರೆ 41 ದಿನ ಬೆಳೆದು ಗಬ್ಬುವಾಸನೆ ಹೊಡೆಯಬೇಕಿತ್ತು. ತೆರೆದ ವೈದ್ಯರಿಗೆ ಯಾವ ವಾಸನೆಯೂ ಬಂದಿರಲಿಲ್ಲ. ವಿಷವೂ ತುಂಬಿರುತ್ತಿದ್ದುದರಿಂದ ರೋಗ ಇನ್ನೂ ಬೇಗ ಕಾಣಿಸಬೇಕಿತ್ತು.

ಇದನ್ನೆಲ್ಲ ಜಗತ್ತಿನ ಮುಂದಿಟ್ಟು ಹೋರಾಡಿದವರು ರೊನಾಲ್ಡ್ ರಾಸ್. ನಮ್ಮ ಬೀದರಿಗೆ ದೂರವಲ್ಲದ ಸಿಕಂದರಾಬಾದಿನಲ್ಲಿ 1897ರಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣು ಕಂಡುಹಿಡಿದವರು ಅವರೇ. 1907ರಲ್ಲಿ ರಾಸ್ ಮತ್ತು ಇತರ ಹೆಸರಾಂತ ವಿಜ್ಞಾನಿಗಳು ಲಂಡನ್ನಿನ ಟೈಮ್ಸ್ ಪತ್ರಿಕೆಯಲ್ಲಿ ಹಾಫ್‌ಕಿನ್ ಪರವಾಗಿ ಬರೆದರು. ಆ ವರ್ಷದ ಕೊನೆಗೆ ಸರ್ಕಾರ ಅವರ ಮೇಲಿನ ಆರೋಪವನ್ನು ಕೈಬಿಟ್ಟಿತು.

ಈ ಐದು ವರ್ಷಗಳಲ್ಲಿ ಏನಾಯಿತು? ಮುಲ್ಕೋವಾಲ್ ಸುದ್ದಿ ಕೇಳಿದ ಪಂಜಾಬಿನ ಜನ ಲಸಿಕೆ ಎಂದರೆ ಓಡತೊಡಗಿದ್ದರು. 1907ರಲ್ಲಿ ಭಾರತದಲ್ಲಿ ಪ್ಲೇಗಿನಿಂದ ಸತ್ತವರು ಸುಮಾರು 13 ಲಕ್ಷ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಪಂಜಾಬಿನಲ್ಲೇ. ಅವರಲ್ಲಿ ಲಸಿಕೆಗೆ ಹೆದರಿ ದೂರ ಉಳಿದವರು ಎಷ್ಟು ಮಂದಿ? ಯಾವ ಪುಸ್ತಕದಲ್ಲೂ ಅದಕ್ಕೆ ಕಾಲಂ ಇರಲಿಲ್ಲ.

ಈಗ ವೈದ್ಯರು ತುಂಬುವ ಮರಣ ಕಾರಣದ ಪ್ರಮಾಣಪತ್ರದಲ್ಲಿ ಒಂದರ ಕೆಳಗೊಂದು ಸಾಲುಗಳಿವೆ. ಮೇಲಿನ ಸಾಲಿನಲ್ಲಿ ಕೊನೆಗೆ ಏನಾಯಿತು ಎಂದು ಬರೆಯುತ್ತಾರೆ. ಕೆಳಗೆ, ಅದು ಯಾವುದರಿಂದ ಆಯಿತು. ಅದರ ಕೆಳಗೆ, ಅದಕ್ಕೂ ಮೂಲ ಯಾವುದು. ಜೊತೆಗಿದ್ದ ಬೇರೆ ಕಾಯಿಲೆಗಳಿಗೆ ಪ್ರತ್ಯೇಕ ಜಾಗ. ಲೆಕ್ಕಕ್ಕೆ ಹಿಡಿಯುವುದು ಮೂಲವನ್ನು. ಮುಲ್ಕೋವಾಲ್‌ನ 19 ಮಂದಿಗೆ ಮೇಲಿನ ಸಾಲು ಧನುರ್ವಾಯು ಆದರೆ, ಕೆಳಗಿನ ಸಾಲಿಗೆ ಐದು ವರ್ಷ ಜಗಳ ನಡೆದಿತ್ತು. ನಮ್ಮ ಮನ್ನಳ್ಳಿ ಮುತ್ಯಾನಿಗೆ ಮೇಲೆ ಉಸಿರಾಟದ ವೈಫಲ್ಯ, ಅದರ ಕೆಳಗೆ ಪುಪ್ಪುಸದ ಸೋಂಕು, ಅದರ ಕೆಳಗೆ ಶಂಕಿತ ಸಾಂಕ್ರಾಮಿಕ ಎಂದು ಬರೆದು, ಸಕ್ಕರೆ ಕಾಯಿಲೆ ಮತ್ತು ಹೃದಯದ ತೊಂದರೆಯನ್ನು ಪಕ್ಕಕ್ಕಿಡಬಹುದು. ಆದರೆ ಅದಕ್ಕೆ ಅವರ ಕೊನೆಯ ಐದು ದಿನಗಳನ್ನು ನೋಡಿದ ಮನೆಯವರು ಎಲ್ಲವನ್ನೂ ಬಿಚ್ಚಿ ಹೇಳಬೇಕು.

ಹಾಫ್‌ಕಿನ್ ಮತ್ತೆ ಭಾರತಕ್ಕೆ ಬಂದರು. ಅವರು ಕಟ್ಟಿದ ಪರೇಲ್ ಪ್ರಯೋಗಾಲಯ ಅವರಿಗೆ ಮರಳಿ ಸಿಗಲಿಲ್ಲ. ಕಲ್ಕತ್ತೆಯಲ್ಲಿ ಕೆಲಸ ಕೊಟ್ಟರು. ಹೊಸ ಲಸಿಕೆಗಳನ್ನು ಜನರ ಮೇಲೆ ಪರೀಕ್ಷಿಸುವ ಅವಕಾಶ ಕೊಡಲಿಲ್ಲ. ಕೊನೆಗೆ ನಿವೃತ್ತರಾಗಿ ಯುರೋಪಿಗೆ ಮರಳಿದರು. 1925ರಲ್ಲಿ ಪರೇಲ್‌ನ ಆ ಪ್ರಯೋಗಾಲಯಕ್ಕೆ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಿಟ್ಟರು. ಆಗ ಅವರಿಗೆ 65 ವರ್ಷ. 1930ರ ಅಕ್ಟೋಬರ್ 26ರಂದು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದಲ್ಲಿ ತೀರಿಕೊಂಡರು. ಮುಂಬಯಿಗೆ ಹೋದರೆ ಪರೇಲ್‌ನಲ್ಲಿ ಆ ಬಂಗಲೆಯನ್ನು ನೀವು ಇಂದಿಗೂ ನೋಡಬಹುದು.